ನಮ್ಮ ಶುಗರ್, ನಮ್ಮ ಬಿ.ಪಿ., ನಮ್ಮ ಹೃದಯ: ಎಚ್‌ಐವಿಯೊಂದಿಗೆ ಬಾಳುತ್ತಿರುವವರ ಪ್ರಣಾಳಿಕೆ

ನಾವು ಕರ್ನಾಟಕದಲ್ಲಿ ಎಚ್‌ಐವಿಯೊಂದಿಗೆ ಬಾಳುತ್ತಿರುವವರು. ಬಾಗಲಕೋಟೆಯ ಕಬ್ಬಿನ ಹೊಲದಲ್ಲಿ ಕೂಲಿ ಮಾಡುವವರು, ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವವರು, ಲಾರಿ ಓಡಿಸುವವರು, ಲೈಂಗಿಕ ವೃತ್ತಿಯಲ್ಲಿರುವವರು, ಗಂಡನನ್ನು ಕಳೆದುಕೊಂಡು ಒಬ್ಬರೇ ಮಕ್ಕಳನ್ನು ಓದಿಸಿದವರು, ಹುಟ್ಟುವಾಗಲೇ ಸೋಂಕು ತಗುಲಿ ಈಗ ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿರುವವರು. 2004ರ ಏಪ್ರಿಲ್ 1ರಂದು ದೇಶದ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಅಡಗಿಸುವ ಮಾತ್ರೆಗಳ ಚಿಕಿತ್ಸೆ, ಶುರುವಾಯಿತು. ಮೊದಲ ಸಾಲಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆ ಮಾತ್ರೆ ನಮ್ಮನ್ನು ಉಳಿಸಿತು. ಈ ಪ್ರಣಾಳಿಕೆಯ ಯಾವ ಸಾಲನ್ನೂ ಆ ಮಾತ್ರೆಯ ವಿರುದ್ಧದ ಮಾತೆಂದು ಯಾರೂ ಓದಬಾರದು.

ಉಳಿದುಕೊಂಡವರಿಗೆ ಈಗ ವಯಸ್ಸಾಗುತ್ತಿದೆ. ನಮ್ಮ ನಡುವೆ ಬರುವ ಸಾವಿನ ಸುದ್ದಿಯೂ ಬದಲಾಗಿದೆ. ಟಿ.ಬಿ. ಇನ್ನೂ ಹೋಗಿಲ್ಲ. ಅದರ ಜೊತೆಗೇ ಈಗ ಎದೆನೋವು ಎಂದು ಕುಳಿತವರು ಏಳುವುದಿಲ್ಲ, ಬೆಳಗ್ಗೆ ಎದ್ದವರ ಒಂದು ಕೈ ಬಿದ್ದುಹೋಗಿರುತ್ತದೆ, ಕಾಲಿನ ಗಾಯ ಮಾಯುವುದಿಲ್ಲ. ಇವರಲ್ಲಿ ಅನೇಕರ ಚಿಕಿತ್ಸೆಯ ದಾಖಲೆಯಾದ ಹಸಿರು ಪುಸ್ತಕ ತೆರೆದು ನೋಡಿದರೆ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಕಡಿಮೆ, ರೋಗನಿರೋಧಕ ಶಕ್ತಿ ತೋರಿಸುವ ಸಿಡಿ4 ಕಣಗಳ ಲೆಕ್ಕ ಚೆನ್ನಾಗಿದೆ, ಒಂದು ತಿಂಗಳೂ ಮಾತ್ರೆ ತಪ್ಪಿಲ್ಲ. ಕಾರ್ಯಕ್ರಮದ ಲೆಕ್ಕದಲ್ಲಿ ಇವರು ಗೆದ್ದವರು. ಆದರೆ ಅವರ ಶುಗರನ್ನು ಯಾರೂ ನೋಡಿರಲಿಲ್ಲ.

ಇದನ್ನು ಬದಲಿಸಲು ನಾವು ಸೇರಿದ್ದೇವೆ. ಎಚ್‌ಐವಿ ಇರುವವರಿಗೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ವೈರಸ್ಸನ್ನು ಮಾತ್ರೆ ಅಡಗಿಸಿದರೂ ಒಳಗಿನ ಉರಿಯೂತ ಬೂದಿ ಮುಚ್ಚಿದ ಕೆಂಡದಂತೆ ವರ್ಷಾನುಗಟ್ಟಲೆ ಉಳಿದು ರಕ್ತನಾಳಗಳ ಒಳಗೋಡೆಯನ್ನು ಕೆಡಿಸುತ್ತದೆ. ಅದರ ಮೇಲೆ ನಾವು ನುಂಗಿದ ಔಷಧಿಗಳ ಚರಿತ್ರೆಯೂ ಇದೆ. ಮೊದಲ ವರ್ಷಗಳಲ್ಲಿ ನಮಗೆ ಸಿಕ್ಕಿದ್ದು ಸ್ಟಾವುಡಿನ್. ಜೀವ ಉಳಿಸಿದ ಅದೇ ಮಾತ್ರೆ ಕೆನ್ನೆಯ ಕೊಬ್ಬನ್ನು ಕರಗಿಸಿ, ಕೈಕಾಲುಗಳ ನರ ಎದ್ದು ಕಾಣುವಂತೆ ಮಾಡಿತು. ಊರಿನಲ್ಲಿ ಯಾರಿಗೂ ಹೇಳದಿದ್ದ ವಿಷಯವನ್ನು ನಮ್ಮ ಮುಖವೇ ಹೇಳಿತು. ಅದನ್ನು ಕ್ರಮೇಣ ಕೈಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2009ರಲ್ಲಿ. ಇನ್ನೊಂದು ಮಾತ್ರೆ ಜಿಡೊವುಡಿನ್ ರಕ್ತಹೀನತೆ ತಂದಿತು, ಕೊಬ್ಬನ್ನೂ ಕರಗಿಸಿತು. ಮೊದಲ ಮಾತ್ರೆ ಫಲಿಸದೆ ಎರಡನೇ ಹಂತದ ಚಿಕಿತ್ಸೆಗೆ ಹೋದವರಲ್ಲಿ ಹಲವರಿಗೆ ಲೋಪಿನಾವಿರ್-ರಿಟೊನಾವಿರ್‌ನಿಂದ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿತು. 2020ರ ನಂತರ ಬಂದ ಟಿಎಲ್‌ಡಿ, ಅಂದರೆ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ದಿನಕ್ಕೊಂದೇ ಗುಳಿಗೆ, ಇವೆಲ್ಲಕ್ಕಿಂತ ಬಹಳ ಒಳ್ಳೆಯದು. ಆದರೆ ತೂಕ ಏರುತ್ತದೆ. 2019ರಲ್ಲಿ ದಕ್ಷಿಣ ಆಫ್ರಿಕಾದ ಅಡ್ವಾನ್ಸ್ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು, ಅದರಲ್ಲೂ ಹೆಣ್ಣುಮಕ್ಕಳಲ್ಲಿ. ಇದರಲ್ಲಿ ಔಷಧಿಯ ಪಾಲೆಷ್ಟು, ಆರೋಗ್ಯ ಮರಳಿದ್ದರ ಪಾಲೆಷ್ಟು ಎಂಬ ಚರ್ಚೆ ನಡೆದಿದೆ. ಚರ್ಚೆ ಮುಗಿಯುವವರೆಗೆ ನಮ್ಮ ಸೊಂಟ ಅಳೆಯದೆ ಇರಲು ಅದು ಕಾರಣವಾಗಬಾರದು.

ತೂಕದ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ನಮ್ಮ ಕಾಲದಲ್ಲಿ ಈ ಕಾಯಿಲೆಗೆ ಇದ್ದ ಚಿತ್ರವೇ ಎಲುಬು ಕಾಣುವ ಮೈ. ಬಟ್ಟೆ ಸಡಿಲವಾದರೆ ಎದೆ ಝಲ್ಲೆನ್ನುತ್ತಿತ್ತು. ಮಾತ್ರೆ ಶುರುವಾಗಿ ಮೈ ತುಂಬಿಕೊಂಡಾಗ ಅತ್ತೆಮನೆಯವರು ಮತ್ತೆ ಮಾತಾಡಿಸಿದರು, ಕೆಲಸ ಕೊಡುವವರು ಕರೆದರು. 'ಈಗ ಲಕ್ಷಣವಾಗಿದ್ದೀಯ' ಎಂಬ ಒಂದು ಮಾತಿಗೆ ಎಷ್ಟು ಬೆಲೆ ಇತ್ತೆಂದು ನಮಗೆ ಗೊತ್ತು. ಚೆನ್ನಾಗಿ ತಿನ್ನಿ ಎಂದು ಕೌನ್ಸೆಲರ್‌ಗಳೂ ಹೇಳಿದರು, ಆಗ ಅದು ಸರಿಯಾದ ಮಾತೇ ಆಗಿತ್ತು. ಅಂಥವರಿಗೆ ಇದ್ದಕ್ಕಿದ್ದಂತೆ ತೂಕ ಇಳಿಸಿ ಎಂದರೆ ಮತ್ತೆ ಸಾಯಿರಿ ಎಂದಂತೆ ಕೇಳಿಸುತ್ತದೆ. ಹಾಗಾಗಿ ನಾವು ಯಾರನ್ನೂ ದಪ್ಪಗಿದ್ದೀರಿ ಎಂದು ಅವಮಾನಿಸುವುದಿಲ್ಲ, ಅವಮಾನಿಸಲು ಬಿಡುವುದೂ ಇಲ್ಲ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ನಮ್ಮ ದೇಶದವರ ಮೈಗೆ ಅಪಾಯ ಶುರುವಾಗುತ್ತದೆ ಎಂಬುದನ್ನು ಮಾತ್ರ ಎಲ್ಲರಿಗೂ ತಿಳಿಸುತ್ತೇವೆ. ಒಂದು ಟೇಪು ಸಾಕು. ಯಾವ ಕೇಂದ್ರಕ್ಕೂ ಅದು ದುಬಾರಿಯಲ್ಲ.

ನಮ್ಮ ಚಳವಳಿ ಹುಟ್ಟಲು ಮುಖ್ಯ ಕಾರಣ ಮಾತ್ರ ಬೇರೆ. ಅದು ಎರಡು ಸರದಿ ಸಾಲುಗಳು. ಎಆರ್‌ಟಿ ಸೆಂಟರಿನಲ್ಲಿ ಒಂದು ದಿನ, ಶುಗರ್-ಬಿ.ಪಿ. ಕ್ಲಿನಿಕ್ಕಿನಲ್ಲಿ ಇನ್ನೊಂದು ದಿನ. ಎರಡು ದಿನದ ಕೂಲಿ ಹೋಗುತ್ತದೆ, ಬಸ್ಸಿಗೆ ಕಾದು ಮಧ್ಯಾಹ್ನವಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದವರು ತಲೆಸುತ್ತು ಬಂದು ಟೀ ಕುಡಿದುಬಿಡುತ್ತಾರೆ, ಪರೀಕ್ಷೆ ಮತ್ತೆ ಮುಂದಕ್ಕೆ ಹೋಗುತ್ತದೆ. ಇದಕ್ಕಿಂತ ಕೆಟ್ಟದ್ದು ಮೌನ. ಎರಡನೇ ಸಾಲಿನಲ್ಲಿ ನಿಂತ ನಮ್ಮಕ್ಕ ತನಗೆ ಎಚ್‌ಐವಿ ಇದೆ ಎಂದು ಹೇಳುವುದಿಲ್ಲ. ಪಕ್ಕದಲ್ಲಿ ಅದೇ ಓಣಿಯವರು ನಿಂತಿರುತ್ತಾರೆ. ಡಾಕ್ಟರು ಬೇರೇನು ಮಾತ್ರೆ ತಗೋತೀಯಮ್ಮಾ ಎಂದು ಕೇಳಿದರೆ ಏನೂ ಇಲ್ಲ ಸರ್ ಎನ್ನುತ್ತಾಳೆ. ಅವರು ಮೆಟ್‌ಫಾರ್ಮಿನ್ ಬರೆಯುತ್ತಾರೆ. ಡೊಲುಟೆಗ್ರಾವಿರ್ ಜೊತೆಗೆ ಹೋದರೆ ಮೆಟ್‌ಫಾರ್ಮಿನ್‌ನ ಮಟ್ಟ ರಕ್ತದಲ್ಲಿ ಏರುತ್ತದೆ. ಆದ್ದರಿಂದ ದಿನಕ್ಕೆ 1000 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳಬೇಕು, ಕಿಡ್ನಿ ದುರ್ಬಲವಾಗಿದ್ದರಂತೂ ಇನ್ನೂ ಎಚ್ಚರ ಬೇಕು. ಆ ಡಾಕ್ಟರಿಗೆ ಇದು ತಿಳಿಯುವುದಾದರೂ ಹೇಗೆ? ಕೊಲೆಸ್ಟರಾಲ್ ಮಾತ್ರೆಗಳಲ್ಲೂ ಹೀಗೇ. ರಿಟೊನಾವಿರ್ ಇರುವ ಚಿಕಿತ್ಸೆಯವರಿಗೆ ಸಿಮ್ವಾಸ್ಟಾಟಿನ್ ಕೊಡಲೇಬಾರದು. ಮೆಡಿಕಲ್ ಶಾಪಿನ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸಿನ ಔಷಧಿ ಕೂಡ ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ತಡೆಯಬಲ್ಲವು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ನಮ್ಮಲ್ಲಿ ಹಲವರಿಗೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಜಿಡೊವುಡಿನ್ ತೆಗೆದುಕೊಳ್ಳುವವರಿಗೆ ವಿಶೇಷವಾಗಿ. ಹೀಗೆ ಕಳಂಕದ ಭಯವೇ ಔಷಧಿಗಳ ಘರ್ಷಣೆಯಾಗಿ ದೇಹಕ್ಕೆ ಇಳಿಯುತ್ತಿದೆ.

ಆದ್ದರಿಂದ ನಮ್ಮ ಮೊದಲ ಬೇಡಿಕೆ: ಒಂದೇ ದಿನ, ಒಂದೇ ಕೇಂದ್ರ. ಮಾತ್ರೆಗೆ ಬಂದಾಗಲೆಲ್ಲ ತೂಕ, ಸೊಂಟ, ರಕ್ತದೊತ್ತಡ ನೋಡಿ ಹಸಿರು ಪುಸ್ತಕದಲ್ಲಿ ಬರೆಯಬೇಕು. ವರ್ಷಕ್ಕೆ ಒಮ್ಮೆಯಾದರೂ ಖಾಲಿ ಹೊಟ್ಟೆಯ ಶುಗರ್, ಕೊಲೆಸ್ಟರಾಲ್, ಕಿಡ್ನಿಯ ಪರೀಕ್ಷೆ ಅಲ್ಲೇ ಆಗಬೇಕು. ಬಿ.ಪಿ., ಶುಗರ್, ಕೊಲೆಸ್ಟರಾಲ್ ಮಾತ್ರೆಗಳು ಎಆರ್‌ಟಿ ಕೊಡುವ ಅದೇ ಕಿಟಕಿಯಲ್ಲಿ, ಅಷ್ಟೇ ತಿಂಗಳಿಗೆ ಸಿಗಬೇಕು. ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮಕ್ಕೆ ಔಷಧಿ ಇದೆ, ಏಡ್ಸ್ ಕಾರ್ಯಕ್ರಮಕ್ಕೆ ನಮ್ಮ ನಂಬಿಕೆ ಇದೆ. ಇವೆರಡೂ ಒಂದೇ ಮೇಜಿನಲ್ಲಿ ಕೂರಲಿ.

ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳ ಬಗ್ಗೆ ನಾವು ಗಟ್ಟಿಯಾಗಿ ಕೇಳುತ್ತೇವೆ. ರಿಪ್ರೀವ್ ಎಂಬ ದೊಡ್ಡ ಅಧ್ಯಯನ ಭಾರತವೂ ಸೇರಿದಂತೆ 12 ದೇಶಗಳಲ್ಲಿ, 40ರಿಂದ 75 ವಯಸ್ಸಿನ 7,769 ಎಚ್‌ಐವಿ ಇರುವವರಲ್ಲಿ ನಡೆಯಿತು. ಅವರಿಗೆ ಹೃದಯದ ಅಪಾಯ ಕಡಿಮೆ ಅಥವಾ ಮಧ್ಯಮ ಎಂದಷ್ಟೇ ಲೆಕ್ಕ ಹಾಕಲಾಗಿತ್ತು. ದಿನಕ್ಕೆ 4 ಮಿಲಿಗ್ರಾಂ ಪಿಟಾವಾಸ್ಟಾಟಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಹೊಡೆತಗಳು ಶೇ. 35ರಷ್ಟು ಕಡಿಮೆಯಾದವು. ಫಲಿತಾಂಶ ಪ್ರಕಟವಾಗಿದ್ದು 2023ರಲ್ಲಿ. ಅಂದರೆ ಸಾಮಾನ್ಯ ಜನರಿಗಾಗಿ ಮಾಡಿದ ಅಪಾಯದ ಅಳತೆಗೋಲು ನಮಗೆ ಸಾಲದು. ನಮ್ಮ ದೇಶದ ಜನರೂ ಆ ಪರೀಕ್ಷೆಗೆ ಮೈಯೊಡ್ಡಿದ್ದಾರೆ. ಅದರ ಫಲ ನಮ್ಮ ತಾಲ್ಲೂಕುಗಳಿಗೂ ಬರಬೇಕು. ನಲವತ್ತು ದಾಟಿದ ಪ್ರತಿಯೊಬ್ಬರ ಬಗ್ಗೆಯೂ ಸ್ಟಾಟಿನ್ ಬೇಕೇ ಎಂದು ಡಾಕ್ಟರು ಯೋಚಿಸಿ, ನಮ್ಮೊಂದಿಗೆ ಮಾತಾಡಿ ತೀರ್ಮಾನಿಸಬೇಕು.

ಗುಟ್ಟು ಕಾಯುವುದು ಕರುಣೆಯ ವಿಷಯವಲ್ಲ, ಕಾನೂನು. 2017ರ ಎಚ್‌ಐವಿ-ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವಂತಿಲ್ಲ, ನಮ್ಮ ಒಪ್ಪಿಗೆಯಿಲ್ಲದೆ ನಮ್ಮ ಸ್ಥಿತಿಯನ್ನು ಬಯಲು ಮಾಡುವಂತಿಲ್ಲ. 20 ಅಥವಾ ಹೆಚ್ಚು ಜನರಿರುವ ಆಸ್ಪತ್ರೆಗಳಲ್ಲಿ ದೂರು ಅಧಿಕಾರಿ ಇರಬೇಕು. ಆ ಅಧಿಕಾರಿಯ ಹೆಸರು ಗೋಡೆಯ ಮೇಲೆ ಕಾಣುವವರೆಗೆ ನಾವು ಕೇಳುತ್ತಲೇ ಇರುತ್ತೇವೆ. ಕಾಯಿಲೆ ಹೇಳಿದರೂ ಮರ್ಯಾದೆ ಉಳಿಯುತ್ತದೆ ಎಂಬ ಧೈರ್ಯ ಬಂದ ದಿನ ಆ ಅಕ್ಕ ಡಾಕ್ಟರಿಗೆ ನಿಜ ಹೇಳುತ್ತಾಳೆ.

1983ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಏಡ್ಸ್ ಇದ್ದವರೇ ವೇದಿಕೆಗೆ ಬಂದು, ತಮ್ಮನ್ನು ಬಲಿಪಶುಗಳೆಂದು ಕರೆಯಬಾರದು, ತಮ್ಮ ಕುರಿತ ತೀರ್ಮಾನಗಳಲ್ಲಿ ತಮಗೂ ಜಾಗ ಬೇಕು ಎಂದು ಘೋಷಿಸಿದರು. ನಾವು ಆ ಪರಂಪರೆಯವರು. ಜಿಲ್ಲಾ ಮಟ್ಟದಲ್ಲಿ ಎಆರ್‌ಟಿ ಸೇವೆಯನ್ನು ಪರಿಶೀಲಿಸುವ ಪ್ರತಿ ಸಭೆಯಲ್ಲೂ ನಮ್ಮವರು ಕುಳಿತಿರಬೇಕು, ಅದರಲ್ಲೂ ಹೆಂಗಸರು ಮತ್ತು ಹುಟ್ಟಿನಿಂದಲೇ ಸೋಂಕಿರುವ ಯುವಕ ಯುವತಿಯರು. ಈ ಮಕ್ಕಳು ಬೆಳೆಯುವ ವಯಸ್ಸೆಲ್ಲ ಔಷಧಿ ನುಂಗಿದವರು. ಮುಂದಿನ ನಲವತ್ತು ವರ್ಷ ಆ ಔಷಧಿಗಳ ಭಾರ ಹೊರುವವರು ಅವರೇ.

ನಮ್ಮ ಕಡೆಯಿಂದಲೂ ಮಾತು ಕೊಡುತ್ತೇವೆ. ತೂಕ ಬಂತೆಂದು, ಶುಗರ್ ಬಂತೆಂದು ಎಆರ್‌ಟಿ ನಿಲ್ಲಿಸುವುದಿಲ್ಲ. ಚಿಕಿತ್ಸೆಯನ್ನು ನಡುನಡುವೆ ನಿಲ್ಲಿಸಿ ನೋಡಿದ ಸ್ಮಾರ್ಟ್ ಅಧ್ಯಯನ 2006ರಲ್ಲೇ ಉತ್ತರ ಕೊಟ್ಟಿದೆ: ನಿಲ್ಲಿಸಿದವರಲ್ಲಿ ಸಾವು ಹೆಚ್ಚಿತು, ಹೃದಯದ ತೊಂದರೆಯೂ ಹೆಚ್ಚಿತು. ಎಚ್‌ಐವಿ, ಶುಗರ್ ಎರಡನ್ನೂ ಬೇರುಸಹಿತ ಕೀಳುತ್ತೇವೆಂದು ಪುಡಿ ಮಾರುವವರನ್ನು ನಮ್ಮ ಸಭೆಗಳ ಹತ್ತಿರ ಸುಳಿಯಲು ಬಿಡುವುದಿಲ್ಲ. ಬೀಡಿ, ಗುಟ್ಕಾ ಬಿಡಲು ಒಬ್ಬರಿಗೊಬ್ಬರು ಜೊತೆ ನಿಲ್ಲುತ್ತೇವೆ. ರೊಟ್ಟಿ, ಮುದ್ದೆ, ಕಾಳು, ಸೊಪ್ಪಿನ ಊಟದ ಮಾತನ್ನು ರೇಷನ್ ಅಂಗಡಿಯ ಮುಂದೆಯೂ ಆಡುತ್ತೇವೆ. ಅಕ್ಕಿ ಕೊಟ್ಟು ಅನ್ನ ಕಡಿಮೆ ಮಾಡಿ ಎಂದರೆ ಬಡವರು ಏನು ತಿನ್ನಬೇಕು? ಜೋಳ, ರಾಗಿ, ಬೇಳೆ, ಮೊಟ್ಟೆ ನಮ್ಮ ಚಿಕಿತ್ಸೆಯ ಭಾಗವೆಂದು ಸರ್ಕಾರ ಒಪ್ಪಬೇಕು.

ಮೊದಲ ಕೆಲಸ ಇದು. ಮುಂದಿನ ಸಲ ಮಾತ್ರೆಗೆ ಹೋದಾಗ ನನ್ನ ಬಿ.ಪಿ. ನೋಡಿ, ಸೊಂಟ ಅಳೆಯಿರಿ, ಶುಗರ್ ಪರೀಕ್ಷೆ ಬರೆಯಿರಿ ಎಂದು ಕೇಳಿ. ಮಾಡಿಕೊಟ್ಟರೆ ಹಸಿರು ಪುಸ್ತಕದಲ್ಲಿ ಬರೆಸಿಕೊಳ್ಳಿ. ಇಲ್ಲವೆಂದರೆ ಆ ದಿನಾಂಕ, ಕೊಟ್ಟ ಕಾರಣ ಎರಡನ್ನೂ ಬರೆದಿಡಿ. ಪ್ರತಿ ಜಿಲ್ಲೆಯಲ್ಲಿ ಈ ಟಿಪ್ಪಣಿಗಳನ್ನು ಹೆಸರಿಲ್ಲದೆ ಒಟ್ಟುಗೂಡಿಸಿ ಜಿಲ್ಲಾ ಆರೋಗ್ಯಾಧಿಕಾರಿಗೂ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಗೂ ಕೊಡುತ್ತೇವೆ, ಪತ್ರಿಕೆಗಳಿಗೂ ಕೊಡುತ್ತೇವೆ. ನಮ್ಮ ಚಳವಳಿಗೆ ಸೇರಲು ಶುಲ್ಕವಿಲ್ಲ. ನಿಜವಾದ ಹೆಸರು ಹೇಳಬೇಕಿಲ್ಲ. ಎಚ್‌ಐವಿ ಇಲ್ಲದ ನರ್ಸ್‌ಗಳು, ಡಾಕ್ಟರುಗಳು, ಕೌನ್ಸೆಲರ್‌ಗಳು, ನಮ್ಮ ಮನೆಯವರು ಬನ್ನಿ, ಜೊತೆಗೆ ದುಡಿಯಿರಿ. ಚಳವಳಿ ನಡೆಸುವ ಸಮಿತಿಯಲ್ಲಿ ತೀರ್ಮಾನ ಮಾಡುವ ಬಹುಮತ ಮಾತ್ರ ಎಚ್‌ಐವಿಯೊಂದಿಗೆ ಬಾಳುತ್ತಿರುವವರದ್ದೇ.