ಹಾಸಿಗೆ ಹುಣ್ಣೂ ವಿಮೆಯ ಪಟ್ಟಿಯೂ

ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತು ನಡೆಯುವ ಹೆಂಗಸರು ಅದರ ಕೆಳಗೆ ಬಟ್ಟೆಯ ಸಿಂಬಿಯನ್ನು ಇಟ್ಟುಕೊಳ್ಳುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಸಿಂಬಿಯಿಂದ ಕೊಡದ ಭಾರ ಗುಲಗಂಜಿಯಷ್ಟೂ ಕಡಮೆಯಾಗುವುದಿಲ್ಲ. ಆ ಭಾರವು ನೆತ್ತಿಯ ಒಂದು ಚುಕ್ಕೆಯ ಮೇಲೆ ಬೀಳದೆ ಅಗಲವಾಗಿ ಹರಡುತ್ತದೆ, ಅಷ್ಟೆ. ಬಲವೇ ಬೇರೆ, ಒತ್ತಡವೇ ಬೇರೆ ಎಂಬ ಪಾಠವನ್ನು ನಾನು ಪ್ರತಿವರ್ಷವೂ ಈ ಸಿಂಬಿಯಿಂದಲೇ ಆರಂಭಿಸುತ್ತೇನೆ. ಚಿಂತಾಮಣಿ, ಶಿಡ್ಲಘಟ್ಟಗಳ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಿಗೆ ಎರಡನೆಯ ಉದಾಹರಣೆ ಬೇಕಾಗುವುದಿಲ್ಲ. ನನಗೆ ಮಾತ್ರ ಎರಡನೆಯದೊಂದು ಮೂರು ವರ್ಷಗಳ ಹಿಂದೆ ಮನೆಯಲ್ಲಿಯೇ ದೊರೆಯಿತು.

ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಸೋದರಮಾವನವರು ಹುಣಸೆಕಾಯಿ ಬಡಿಯಲು ಮರವೇರಿದ್ದಾಗ ಕೊಂಬೆ ಮುರಿದು ಬಿದ್ದರು. ಬೆನ್ನುಹುರಿಗೆ ಪೆಟ್ಟಾಯಿತು, ಸೊಂಟದ ಕೆಳಗೆ ಚಲನೆಯೂ ಉಳಿಯಲಿಲ್ಲ, ಸ್ಪರ್ಶಜ್ಞಾನವೂ ಉಳಿಯಲಿಲ್ಲ. ಅವರ ಮಗ ಮುಂಚೆಯೇ ವಿಮೆ ಮಾಡಿಸಿದ್ದುದರಿಂದ ಬೆಂಗಳೂರಿನ ಆಸ್ಪತ್ರೆಯ ಖರ್ಚು ಬಹುಮಟ್ಟಿಗೆ ತೀರಿತು. ಮನೆಗೆ ಕಳುಹಿಸುವಾಗ ವೈದ್ಯರು, ಗಾಳಿ ತುಂಬುವ ಹಾಸಿಗೆಯೊಂದನ್ನು, ಎಂದರೆ ಔಷಧದ ಅಂಗಡಿಯವರು ‘ಏರ್ ಬೆಡ್’ ಎನ್ನುವುದನ್ನು, ತಪ್ಪದೆ ಕೊಳ್ಳಬೇಕೆಂದು ಹೇಳಿದರು. ಬೆಲೆ ಐದೂವರೆ ಸಾವಿರ ರೂಪಾಯಿ. ವಿಮಾ ಕಂಪೆನಿಯನ್ನು ಕೇಳಿದರೆ, ಅದು ವೈದ್ಯಕೀಯೇತರ ವೆಚ್ಚ, ಕೊಡಲಾಗದು ಎಂಬ ಉತ್ತರ ಬಂದಿತು. ಕೈಯಲ್ಲಿದ್ದ ಹಣವೆಲ್ಲ ಕರಗಿದ್ದ ಸಮಯ. ಮುಂದಿನ ತಿಂಗಳು ನೋಡೋಣವೆಂದು ಬಿಟ್ಟರು. ಏಳನೆಯ ವಾರದಲ್ಲಿ ಬೆನ್ನಿನ ತಳದ ಮೂಳೆಯ ಮೇಲೆ ಹುಣ್ಣಾಗಿ, ಅದು ಮೂಳೆಯವರೆಗೂ ಇಳಿಯಿತು. ಮತ್ತೆ ಆಸ್ಪತ್ರೆ, ಕೊಳೆತ ಮಾಂಸವನ್ನು ಕತ್ತರಿಸಿ ತೆಗೆದು ಪಕ್ಕದ ಮಾಂಸವನ್ನು ತಿರುಗಿಸಿ ಮುಚ್ಚುವ ಶಸ್ತ್ರಚಿಕಿತ್ಸೆ, 19 ದಿನಗಳ ವಾಸ. ಒಂದು ಲಕ್ಷ ಎಂಬತ್ತು ಸಾವಿರದ ಆ ಬಿಲ್ಲನ್ನು ಅದೇ ಕಂಪೆನಿ ಒಂದು ಪ್ರಶ್ನೆಯನ್ನೂ ಹಾಕದೆ ಪಾವತಿ ಮಾಡಿತು.

ಇದರಲ್ಲಿ ಯಾರೂ ದುಷ್ಟರಿರಲಿಲ್ಲ. ಲೆಕ್ಕದ ಕ್ರಮದಲ್ಲಿಯೇ ದೋಷವಿದೆ. ಅದನ್ನು ಕಾಣಬೇಕಾದರೆ ಮೊದಲು ಹುಣ್ಣು ಹೇಗಾಗುತ್ತದೆಂಬುದನ್ನು ತಿಳಿಯಬೇಕು.

ಅರವತ್ತು ಕಿಲೋಗ್ರಾಂ ತೂಕದ ಮನುಷ್ಯನ ಭಾರ ಸುಮಾರು 588 ನ್ಯೂಟನ್. ಅದು ಒಂದು ಚದರ ಮೀಟರಿನ ಮೂರರಲ್ಲೊಂದು ಭಾಗದ ಮೇಲೆ ಸಮನಾಗಿ ಹರಡಿತೆಂದು ಭಾವಿಸಿದರೆ ಒತ್ತಡವು ಪಾದರಸ ಸ್ತಂಭದ 13 ಮಿಲಿಮೀಟರಿನಷ್ಟಾಗುತ್ತದೆ. ಆದರೆ ಗಟ್ಟಿಯಾದ ಹಾಸಿಗೆಯ ಮೇಲೆ ದೇಹವು ಸಮನಾಗಿ ಹರಡುವುದಿಲ್ಲ. ಹಿಂದಲೆ, ಹೆಗಲಮೂಳೆ, ಬೆನ್ನಿನ ತಳ, ಹಿಮ್ಮಡಿ ಇವೇ ಹೆಚ್ಚಿನ ಭಾರವನ್ನು ಹೊರುತ್ತವೆ. ಹೊರುವ ಜಾಗ ಹತ್ತರಲ್ಲೊಂದು ಪಾಲಿಗೆ ಇಳಿಯಿತೆಂದರೆ ಒತ್ತಡ 130 ಮಿಲಿಮೀಟರಿಗೆ ಏರುತ್ತದೆ. ಚರ್ಮಕ್ಕೆ ಆಹಾರವನ್ನೂ ಆಮ್ಲಜನಕವನ್ನೂ ಒಯ್ಯುವ ಲೋಮನಾಳಗಳ ಒಳಗಿನ ಒತ್ತಡವೆಷ್ಟು? 1930ರಲ್ಲಿ ಯೂಜೀನ್ ಲ್ಯಾಂಡಿಸ್ ಎಂಬ ಅಮೆರಿಕದ ವಿಜ್ಞಾನಿ ಉಗುರಿನ ಬುಡದ ಲೋಮನಾಳಗಳಲ್ಲಿ ಅತಿ ಸೂಕ್ಷ್ಮವಾದ ಗಾಜಿನ ನಳಿಗೆಯನ್ನು ತೂರಿಸಿ ಅಳೆದನು: ರಕ್ತ ಒಳಬರುವ ತುದಿಯಲ್ಲಿ ಸುಮಾರು 32 ಮಿಲಿಮೀಟರ್, ಹೊರಹೋಗುವ ತುದಿಯಲ್ಲಿ ಸುಮಾರು 12. ಹೊರಗಿನ ಒತ್ತಡ ಇದನ್ನು ಮೀರಿದರೆ ನಾಳ ಮುಚ್ಚಿಕೊಳ್ಳುತ್ತದೆ. ಈ ಅಂಕಿಯೇ ಎಲ್ಲ ಅಂಗಗಳಿಗೂ ಎಲ್ಲ ರೋಗಿಗಳಿಗೂ ಗೆರೆ ಎಳೆದಂತೆ ಅನ್ವಯಿಸುವುದಿಲ್ಲ; ಆದರೂ ದಾರಿ ತೋರುವುದಕ್ಕೆ ಸಾಕು.

ಹಾಗಾದರೆ ನಮಗೆಲ್ಲ ಪ್ರತಿರಾತ್ರಿ ಹುಣ್ಣೇಕೆ ಆಗುವುದಿಲ್ಲ? ನಾವು ನಿದ್ದೆಯಲ್ಲಿಯೂ ಹೊರಳುತ್ತೇವೆ. ರಕ್ತ ನಿಂತ ಜಾಗ ನೋಯುತ್ತದೆ, ನೋವು ನಮ್ಮನ್ನು ಮಗ್ಗುಲು ಬದಲಿಸುವಂತೆ ಮಾಡುತ್ತದೆ. ಬೆನ್ನುಹುರಿ ತುಂಡಾದವನಿಗೆ ಆ ದೂತನೇ ಇಲ್ಲ. ಮೈಕೇಲ್ ಕೋಸಿಯಾಕ್ 1959ರಲ್ಲಿ ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳು ಕಾಲದ ಮಹತ್ತ್ವವನ್ನು ತೋರಿಸಿದುವು: ಹೆಚ್ಚಿನ ಒತ್ತಡ ಸ್ವಲ್ಪ ಹೊತ್ತಿನಲ್ಲಿ ಮಾಡುವ ಹಾನಿಯನ್ನು ಕಡಮೆ ಒತ್ತಡ ಬಹಳ ಹೊತ್ತಿನಲ್ಲಿ ಮಾಡುತ್ತದೆ. ಆದುದರಿಂದ ಉಪಾಯಗಳು ಎರಡೇ. ಭಾರವನ್ನು ಹರಡುವುದು, ಇಲ್ಲವೆ ಒತ್ತುವ ಜಾಗವನ್ನು ಆಗಾಗ ಬದಲಿಸುವುದು.

ಮೊದಲನೆಯದನ್ನು 1832ರಲ್ಲಿಯೇ ಸ್ಕಾಟ್ಲೆಂಡಿನ ವೈದ್ಯ ನೀಲ್ ಆರ್ನಾಟ್ ಮಾಡಿ ತೋರಿಸಿದನು. ತೊಟ್ಟಿಯಲ್ಲಿ ನೀರು ತುಂಬಿ, ಮೇಲೆ ನೀರು ಸೋರದ ಬಟ್ಟೆಯನ್ನು ಹೊದಿಸಿ, ಅದರ ಮೇಲೆ ರೋಗಿಯನ್ನು ಮಲಗಿಸಿದನು. ಈತ ಭೌತಶಾಸ್ತ್ರದ ಪಠ್ಯಪುಸ್ತಕವನ್ನೂ ಬರೆದವನೆಂಬುದು ನಮ್ಮಂಥ ಉಪಾಧ್ಯಾಯರಿಗೆ ಸ್ವಲ್ಪ ಹೆಮ್ಮೆಯ ಸಂಗತಿ. ಎರಡನೆಯದು ಇಂದಿನ ಗಾಳಿ ಹಾಸಿಗೆ. ಅದರ ಕೋಶಗಳು ಎರಡು ತಂಡಗಳಾಗಿ, ಕೆಲವು ನಿಮಿಷಗಳಿಗೊಮ್ಮೆ ಒಂದು ತಂಡ ಉಬ್ಬಿದರೆ ಇನ್ನೊಂದು ತಂಡ ಕುಗ್ಗುತ್ತದೆ. ಪುಟ್ಟ ಪಂಪು ಏಳೆಂಟು ವಾಟ್ ತಿನ್ನುತ್ತದೆಂದು ಇಟ್ಟುಕೊಂಡರೆ, ಹಗಲಿರುಳು ನಡೆದರೂ ತಿಂಗಳಿಗೆ ಐದಾರು ಯೂನಿಟ್. ಆದರೂ ಹಾಸಿಗೆ ತಂದೆವೆಂದು ಮಗ್ಗುಲು ಬದಲಿಸುವುದನ್ನು ನಿಲ್ಲಿಸಲಾಗದು. ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಸಿಂಬಿಯ ಆಕಾರದ ರಬ್ಬರಿನ ಬಳೆಯನ್ನು ರೋಗಿಯ ಸೊಂಟದಡಿ ಇಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದು ತಪ್ಪು. ಬಳೆಯ ಅಂಚು ಸುತ್ತಲೂ ಒತ್ತಿ, ನಡುವಿನ ಚರ್ಮಕ್ಕೆ ಬರುವ ರಕ್ತವನ್ನೇ ತಡೆಯುತ್ತದೆ. ನೆತ್ತಿಯ ಮೇಲೆ ಹತ್ತು ನಿಮಿಷಕ್ಕೆ ಸಲ್ಲುವುದು ಸೊಂಟದ ಕೆಳಗೆ ಹತ್ತು ಗಂಟೆಗೆ ಸಲ್ಲದು.

ರೇಷ್ಮೆ ಬೆಳೆಯುವ ಶಿಡ್ಲಘಟ್ಟದ ರೈತರು ಹುಳುವಿನ ಹಾಸಿಗೆಯನ್ನು ಹೊತ್ತು ಹೊತ್ತಿಗೆ ಶುಚಿ ಮಾಡುತ್ತಾರೆ. ತೇವ ನಿಂತರೆ, ಹುಳು ಒತ್ತೊತ್ತಾದರೆ ರೋಗ ಬರುತ್ತದೆಂದು ಅವರಿಗೆ ಗೊತ್ತು. ಮಲಗಿಬಿಟ್ಟ ಹಸುವಿಗೆ ಹುಲ್ಲು ಹಾಸಿ ಮಗ್ಗುಲು ಮಗುಚುವುದೂ ಗೊತ್ತು. ವಿಮೆಯ ಪುಸ್ತಕಕ್ಕೆ ಇಷ್ಟು ತಿಳಿದಿರಬಾರದೇ?

ಒಮ್ಮೆ ಅರ್ಧದಷ್ಟು ತಿಳಿದಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರವು 2013ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ, ತೀವ್ರ ನಿಗಾ ಘಟಕದಲ್ಲಿ ಮೂರು ದಿನಗಳಿಗಿಂತ ಹೆಚ್ಚಾಗಿ ಇರಬೇಕಾದ ರೋಗಿಗೂ, ಕಾಲುಗಳು ಅಥವಾ ಕೈಕಾಲುಗಳೆಲ್ಲವೂ ಸ್ವಾಧೀನ ತಪ್ಪಿದ ರೋಗಿಗೂ ನೀರಿನ ಇಲ್ಲವೆ ಗಾಳಿಯ ಹಾಸಿಗೆಯ ವೆಚ್ಚವನ್ನು ದಿನಕ್ಕೆ ಸುಮಾರು 200 ರೂಪಾಯಿಯಂತೆ ಕೊಡಬಹುದೆಂದು ಬರೆದಿತ್ತು. 2020ರ ಏಪ್ರಿಲಿನಿಂದ ಬಂದ ‘ಆರೋಗ್ಯ ಸಂಜೀವಿನಿ’ ಎಂಬ ಏಕರೂಪದ ಪಾಲಿಸಿಯ ಅನುಬಂಧವನ್ನು ತೆರೆದರೆ ಆ ವಿವೇಚನೆ ಮಾಯವಾಗಿದೆ. ಹಣ ಸಿಗದ 68 ಬಾಬುಗಳ ಪಟ್ಟಿಯಲ್ಲಿ ಗಾಳಿ ಹಾಸಿಗೆಯು ದೂರವಾಣಿ, ದೂರದರ್ಶನ, ಬಾಟಲಿ ನೀರು, ಮಗುವಿನ ಆಹಾರ ಇವುಗಳ ಜೊತೆಗೆ ಕುಳಿತಿದೆ. ಸೌಕರ್ಯದ ವಸ್ತುವೂ ಚಿಕಿತ್ಸೆಯ ಉಪಕರಣವೂ ಒಂದೇ ಸಾಲಿನಲ್ಲಿ! ಹೆಚ್ಚಿನ ಕಂತು ತೆತ್ತವರಿಗೆ ಇಂಥ ಸಾಮಗ್ರಿಗಳನ್ನೂ ಸೇರಿಸಿಕೊಡುವ ಪಾಲಿಸಿಗಳು ಈಚೆಗೆ ಬಂದಿರುವುದು ನಿಜ. ಹಳ್ಳಿಯ ಮನೆಯಲ್ಲಿ ಅವು ಅಪರೂಪ. ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ರಕ್ಷಣೆ ನೀಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೂ ಮುಖ್ಯವಾಗಿ ಆಸ್ಪತ್ರೆಯೊಳಗಿನ ಚಿಕಿತ್ಸೆಯ ಲೆಕ್ಕವನ್ನೇ ಹಿಡಿಯುತ್ತದೆ. ರೋಗಿ ವರ್ಷಗಟ್ಟಲೆ ಮಲಗುವುದಾದರೋ ಮನೆಯಲ್ಲಿ.

ಎಲ್ಲರೂ ಹಾಸಿಗೆಯ ಬಿಲ್ಲು ತಂದರೆ ಗತಿಯೇನು ಎಂಬ ಕಂಪೆನಿಗಳ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಅಮೆರಿಕದ ಮೆಡಿಕೇರ್ ಮನೆಯಲ್ಲಿ ಬಳಸುವ ಇಂಥ ಉಪಕರಣಗಳಿಗೆ ಒಪ್ಪಿದ ಬೆಲೆಯ ನೂರಕ್ಕೆ 80 ಪಾಲನ್ನು ಕೊಡುತ್ತದೆ. ಸುಳ್ಳು ಬಿಲ್ಲುಗಳ ಕಥೆಗಳಿಗೂ ಅಲ್ಲಿ ಕೊರತೆಯಿಲ್ಲ. ಆದರೆ ಅಲ್ಲಿ ಅಳತೆಗೋಲೂ ಇದೆ. ಸ್ವಂತವಾಗಿ ಕಿಂಚಿತ್ತೂ ಹೊರಳಲಾರದವನಿಗೆ ಸಾಧಾರಣ ದರ್ಜೆಯ ಹಾಸಿಗೆ ಹುಣ್ಣಾಗುವ ಮುಂಚೆಯೇ ಸಲ್ಲುತ್ತದೆ. ದುಬಾರಿ ದರ್ಜೆಯದು ಹುಣ್ಣಿನ ಸ್ಥಿತಿಯನ್ನು ನೋಡಿ. 1987ರಿಂದ ಬಳಕೆಯಲ್ಲಿರುವ ಬ್ರೇಡನ್ ಮಾಪಕವೆಂಬುದೊಂದಿದೆ. ಸ್ಪರ್ಶಜ್ಞಾನ, ತೇವ, ಓಡಾಟ, ಹೊರಳುವ ಶಕ್ತಿ, ಆಹಾರ, ಉಜ್ಜುವಿಕೆ ಈ ಆರಕ್ಕೆ ದಾದಿಯೇ ಅಂಕ ಹಾಕುತ್ತಾಳೆ; 23ರಲ್ಲಿ 18 ಅಥವಾ ಕಡಮೆ ಬಂದರೆ ಅಪಾಯವಿದೆಯೆಂದು ಅರ್ಥ. ಇದರ ಫಲಿತಾಂಶ ಬಿಡುಗಡೆ ಪತ್ರದಲ್ಲಿದ್ದರೆ ಹಾಸಿಗೆಗೆ ಹಣ ಕೊಡಬೇಕೆಂದು ಪ್ರಾಧಿಕಾರವು ವಿಧಿಸಬಹುದು. ನೂರೆಂಬತ್ತು ಸಾವಿರವನ್ನು ಮರುಮಾತಿಲ್ಲದೆ ತೆತ್ತವರಿಗೆ ಐದೂವರೆ ಸಾವಿರ ಹೊರೆಯಾಗದು.

ವಿಮೆಯೇ ಇಲ್ಲದವರ ಮಾತು ಬೇರೆ. ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗಾಗಿ ತೆಗೆದಿಡಬೇಕಾದ ನೂರಕ್ಕೆ ಐದರ ನಿಧಿಯಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಗಳನ್ನು ಎರವಲಿಗೆ ಇಡುವುದು ಗೌರಿಬಿದನೂರಿಗಾಗಲಿ ಚಿಕ್ಕಬಳ್ಳಾಪುರಕ್ಕಾಗಲಿ ಮೀರಿದ ಕೆಲಸವಲ್ಲ. ಸೋಂಕು ಹರಡದಂತೆ ತೊಳೆದು ಒರೆಸಿ ಇನ್ನೊಬ್ಬರಿಗೆ ಕೊಡಬಹುದಾದ ವಸ್ತುವದು.

ಅಲ್ಲಿಯವರೆಗೆ, ಮಲಗಿದ ರೋಗಿಯನ್ನು ಮನೆಗೆ ಕರೆತರುವವರು ಹಾಸಿಗೆಯ ಅಗತ್ಯವನ್ನು ಕಾರಣಸಹಿತವಾಗಿ ವೈದ್ಯರಿಂದ ಬಿಡುಗಡೆ ಪತ್ರದಲ್ಲಿಯೇ ಬರೆಸಿಕೊಳ್ಳಲಿ, ರಸೀದಿಯನ್ನು ರೋಗಿಯ ಹೆಸರಿನಲ್ಲಿ ಪಡೆಯಲಿ, ನಿರಾಕರಣೆಯನ್ನು ಬರಹದಲ್ಲಿ ಕೇಳಲಿ. ಬರಹವಿದ್ದರೆ ವಿಮಾ ಒಂಬುಡ್ಸ್‌ಮನ್ನರ ಬಳಿಗೆ ಹೋಗಬಹುದು. ನಮ್ಮ ಮಾವನವರ ಮಗ ಎರಡನೆಯ ಶಸ್ತ್ರಚಿಕಿತ್ಸೆಯ ಮರುದಿನವೇ ಸ್ವಂತ ಹಣದಿಂದ ಹಾಸಿಗೆ ತಂದನು. ಕರೆಂಟು ಹೋದಾಗ ಪಂಪು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಅತ್ತೆಯವರು ಗಡಿಯಾರ ನೋಡಿಕೊಂಡು ಅವರನ್ನು ಮಗ್ಗುಲು ಹೊರಳಿಸುತ್ತಾರೆ. ಅಂದಿನಿಂದ ಇಂದಿನವರೆಗೆ ಹೊಸ ಹುಣ್ಣಾಗಿಲ್ಲ.