ಮದ್ದಿನ ಚೀಲ ನೋಡುವವರಾರು?

ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಹಿರಿಯರು ಹೇಳಿದರು. ಊಟ ಬಲ್ಲವರು ನಮ್ಮ ಬಳಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮದ್ದು ಬಲ್ಲವರು ಎಷ್ಟು ಮಂದಿ ಎಂಬುದು ಈ ಸಂಚಿಕೆಯಲ್ಲಿ ನಾವು ಓದುಗರ ಮುಂದಿಡುವ ಪ್ರಶ್ನೆ. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲಿ ದೇವರ ಗೂಡು ಹೇಗೋ ಹಾಗೆ ಮದ್ದಿನ ಡಬ್ಬಿಗೂ ಈಗ ಒಂದು ಕಾಯಂ ಜಾಗವಾಗಿದೆ. ಮೈಸೂರಿನವರಂತೆ ಮಾತ್ರೆ ಎನ್ನಿ, ಕಲಬುರಗಿ ಬೀದರದವರಂತೆ ಗುಳಿಗೆ ಎನ್ನಿ, ಡಬ್ಬಿ ಮಾತ್ರ ತುಂಬುತ್ತಲೇ ಇದೆ.

ಅದು ತುಂಬುವ ಬಗೆಯನ್ನು ಒಮ್ಮೆ ನೋಡೋಣ. ರಾಯಚೂರಿನ ತಾಯಿ ಮಗನ ಮನೆಗೆಂದು ಇಲ್ಲಿಗೆ ಬರುತ್ತಾರೆ. ಊರಿನ ಡಾಕ್ಟರರು ರಕ್ತದೊತ್ತಡಕ್ಕೆ ಬರೆದುಕೊಟ್ಟ ಮಾತ್ರೆ ಅವರ ಚೀಲದಲ್ಲಿರುತ್ತದೆ. ಇಲ್ಲಿ ಮೊಣಕಾಲು ಹಿಡಿದಾಗ ಮಗ ಮೂಳೆಯ ತಜ್ಞರಲ್ಲಿಗೆ ಕರೆದೊಯ್ಯುತ್ತಾನೆ. ನಡುವೆ ಬೆಂಗಳೂರಿನ ಮಗಳ ಮನೆಯಲ್ಲಿದ್ದಾಗ ಸಕ್ಕರೆ ಕಾಯಿಲೆಯ ಔಷಧ ಶುರುವಾಗಿರುತ್ತದೆ. ಪಕ್ಕದ ಮನೆಯವರು ನೆಗಡಿಗೆಂದು ಒಂದು ಪಟ್ಟಿ ಗುಳಿಗೆ ಕೊಡುತ್ತಾರೆ. ಪ್ರತಿಯೊಬ್ಬ ವೈದ್ಯರೂ ತಮ್ಮ ಮುಂದಿದ್ದ ಕಾಯಿಲೆಗೆ ತಕ್ಕುದನ್ನೇ ಬರೆದಿದ್ದಾರೆ. ಆದರೆ ಆ ಚೀಲವನ್ನು ಪೂರ್ತಿಯಾಗಿ ಸುರಿದು ನೋಡಿದವರು ಒಬ್ಬರೂ ಇಲ್ಲ. ಊರು ಬಿಟ್ಟು ಬಂದವರ ಸಂಸಾರ ಮೂರು ನಾಲ್ಕು ಊರುಗಳಲ್ಲಿ ಹಂಚಿಹೋಗಿರುತ್ತದೆ. ಅವರ ಮದ್ದೂ ಹಾಗೆಯೇ ಹಂಚಿಹೋಗಿದೆ.

ಹಿಂದಿನ ಕಾಲದಲ್ಲಿ ಇದನ್ನು ಅಷ್ಟಿಷ್ಟು ನೋಡಿಕೊಳ್ಳುತ್ತಿದ್ದವನು ಕಂಪೌಂಡರ್. ನಮ್ಮ ಹಿರಿಯ ಓದುಗರಿಗೆ ಆತನ ನೆನಪು ಇದ್ದೇ ಇರುತ್ತದೆ. ಡಾಕ್ಟರರ ಕೋಣೆಯ ಪಕ್ಕದಲ್ಲಿ ಮರದ ಕಟ್ಟೆಯ ಹಿಂದೆ ನಿಂತು ಚೀಟಿ ನೋಡುತ್ತ ಮಿಕ್ಸ್ಚರ್ ಬೆರೆಸುತ್ತಿದ್ದ. ಬಾಟಲಿಯ ಮೈಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದವನ್ನು ಅಂಟಿಸಿ, ಒಂದು ಹಲ್ಲಿಗೆ ಒಂದು ಹೊತ್ತು ಎಂದು ತಿಳಿಸಿ ಹೇಳುತ್ತಿದ್ದ. ಅವನ ಓದು ಕಡಿಮೆಯಿದ್ದಿರಬಹುದು. ಆದರೂ ಮನೆಯವರೆಲ್ಲರ ಮೈಗುಣ ಅವನಿಗೆ ಗೊತ್ತಿತ್ತು. ಕೇಳಲು ನಮಗೂ ಸಂಕೋಚವಿರಲಿಲ್ಲ. ಕಾರ್ಖಾನೆಯಲ್ಲಿ ಸಿದ್ಧವಾದ ಮಾತ್ರೆಗಳು ಬಂದ ಮೇಲೆ ಬೆರೆಸುವ ಕೆಲಸ ಹೋಯಿತು. ಕೆಲಸದೊಂದಿಗೆ ಆತನೂ ಹೋದ, ಕಟ್ಟೆ ಬರಿದಾಯಿತು. ಬೆರೆಸುವ ಅಗತ್ಯ ತೀರಿತೇನೋ ನಿಜ. ತಿಳಿಸಿ ಹೇಳುವ ಅಗತ್ಯ ಮಾತ್ರ ಹತ್ತರಷ್ಟು ಹೆಚ್ಚಿದೆ.

ಏಕೆ ಹೆಚ್ಚಿತೆಂಬುದಕ್ಕೆ ಕೆಲವು ಉದಾಹರಣೆ ಕೊಡುತ್ತೇವೆ. ಡೋಲೋ, ಕ್ರೋಸಿನ್, ಕಾಲ್ಪಾಲ್ ಎಂಬ ಮೂರು ಹೆಸರಿನ ಹಿಂದಿರುವುದು ಪ್ಯಾರಾಸಿಟಮಾಲ್ ಎಂಬ ಒಂದೇ ಮದ್ದು. ನೆಗಡಿಯ ಗುಳಿಗೆಗಳಲ್ಲಿ ಹಲವಕ್ಕೂ ಅದೇ ಸೇರಿರುತ್ತದೆ. ಜ್ವರಕ್ಕೊಂದು, ಮೈನೋವಿಗೊಂದು, ನೆಗಡಿಗೊಂದು ಎಂದು ನುಂಗುವವರು ಒಂದನ್ನೇ ಮೂರು ಸಲ ನುಂಗುತ್ತಿರಬಹುದು. ದೊಡ್ಡವರಿಗೆ ದಿನವೊಂದಕ್ಕೆ 4 ಗ್ರಾಂ ಅದರ ಮೇಲ್ಮಿತಿ. ಮೈತೂಕ ಕಡಿಮೆಯಿರುವವರಿಗೂ ಯಕೃತ್ತಿನ ತೊಂದರೆಯಿರುವವರಿಗೂ ಇನ್ನೂ ಕಡಿಮೆ. ಮೀರಿದರೆ ಯಕೃತ್ತು ಕೆಡುತ್ತದೆ.

ಮೊಣಕಾಲಿನ ನೋವಿಗೆ ಕೊಡುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದವು ರಕ್ತದೊತ್ತಡವನ್ನು ಏರಿಸಬಲ್ಲವು. ಒತ್ತಡಕ್ಕೆಂದು ಕೊಡುವ ಕೆಲವು ಮಾತ್ರೆಗಳ ಜೊತೆಗೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆಗೆ ಇವು ಕೂಡಿದರೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಭಯವುಂಟು. ವಾಂತಿಭೇದಿಯಾಗಿ, ಇಲ್ಲವೆ ಈ ಊರಿನ ಮೇ ತಿಂಗಳ ಬಿಸಿಲಿನಲ್ಲಿ, ಮೈಯ ನೀರು ಆರಿದಾಗ ಆ ಭಯ ಇನ್ನೂ ಹೆಚ್ಚು. ಥೈರಾಯ್ಡಿನ ಮಾತ್ರೆ ಬೆಳಗಿನ ಬರಿಹೊಟ್ಟೆಗೆ ಹೋಗಬೇಕು. ಕಬ್ಬಿಣದ, ಸುಣ್ಣದಂಶದ ಮಾತ್ರೆಗಳಿಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಬೇಕು. ಮೂರನ್ನೂ ಒಂದೇ ಗುಟುಕಿಗೆ ನುಂಗಿದರೆ ಥೈರಾಯ್ಡಿನ ಮದ್ದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವ ಅಜ್ಜಿ ಏಕಾದಶಿಯ ಉಪವಾಸದಂದೂ ಅದನ್ನು ತಪ್ಪದೆ ನುಂಗಿದರೆ, ಮಧ್ಯಾಹ್ನದ ಹೊತ್ತಿಗೆ ಮೈ ಬೆವರಿ, ಕೈ ನಡುಗಿ, ತಲೆ ಸುತ್ತಿ ಬೀಳಬಹುದು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳತಕ್ಕ ಮದ್ದು. ದಿನವೂ ನುಂಗಿ ಪ್ರಾಣ ಕಳೆದುಕೊಂಡವರು ಎಷ್ಟೋ ದೇಶಗಳಲ್ಲಿದ್ದಾರೆ. ಇವುಗಳಲ್ಲಿ ಮದ್ದಿನ ತಪ್ಪಿಲ್ಲ, ಬರೆದವರ ತಪ್ಪೂ ಇಲ್ಲ. ನಡುವೆ ಒಬ್ಬರು ಇರಬೇಕಾಗಿತ್ತು, ಅವರಿಲ್ಲ.

ಆ ನಡುವಿನವರಿಗೇ ಕ್ಲಿನಿಕಲ್ ಫಾರ್ಮಸಿಸ್ಟ್ ಎಂಬ ಹೆಸರು ಬಂದಿದೆ. ರೋಗಿಯ ಬಳಿಯಲ್ಲಿದ್ದು ಔಷಧ ನೋಡಿಕೊಳ್ಳುವವರು ಎಂದು ನಾವು ಕನ್ನಡದಲ್ಲಿ ಹೇಳಿಕೊಳ್ಳಬಹುದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಒಂಬತ್ತನೆಯ ಮಹಡಿಯಲ್ಲಿ 1966ರಲ್ಲಿ ಇಂಥವರನ್ನು ವಾರ್ಡಿನೊಳಗೇ ಇರಿಸಿ ನೋಡಿದರು. ಆಸ್ಟ್ರೇಲಿಯಾದಲ್ಲಿ 2001ರಿಂದ ಮನೆವೈದ್ಯರ ಕೋರಿಕೆಯ ಮೇರೆಗೆ ಫಾರ್ಮಸಿಸ್ಟರು ರೋಗಿಯ ಮನೆಗೇ ಹೋಗಿ ಮದ್ದಿನ ಡಬ್ಬಿ ನೋಡಿಬರುವ ಏರ್ಪಾಟು ನಡೆದಿದೆ. ಇಂಗ್ಲೆಂಡಿನವರು 2015ರಲ್ಲಿ ಇವರನ್ನು ಸಾಮಾನ್ಯ ವೈದ್ಯರ ಚಿಕಿತ್ಸಾಲಯಗಳಲ್ಲೇ ಕೂರಿಸುವ ಪ್ರಯೋಗ ಆರಂಭಿಸಿದರು.

ಅಲ್ಲಿ ಅವರ ಕೆಲಸವೇನೆಂದರೆ, ಆಸ್ಪತ್ರೆಯಿಂದ ಮನೆಗೆ ಬಂದವರ ಹಳೆಯ ಮದ್ದನ್ನೂ ಹೊಸ ಮದ್ದನ್ನೂ ತಾಳೆನೋಡುವುದು. ಒಂದೇ ಮದ್ದು ಎರಡು ಹೆಸರಿನಲ್ಲಿ ಹೊಕ್ಕಿದೆಯೇ ಎಂದು ಹುಡುಕುವುದು. ರಕ್ತಪರೀಕ್ಷೆ ನೋಡಿ ಮೂತ್ರಪಿಂಡಕ್ಕೆ ತಕ್ಕ ಪ್ರಮಾಣವೇ ಎಂದು ಅಳೆಯುವುದು. ದಮ್ಮಿನವರಿಗೆ ಇನ್‌ಹೇಲರ್ ಎಳೆಯುವುದನ್ನು ಕಲಿಸುವುದು. ಯಾವುದು ಇನ್ನು ಬೇಡವೆಂದು ವೈದ್ಯರಿಗೆ ಸೂಚಿಸುವುದು. ರೋಗವನ್ನು ಗುರುತಿಸುವುದು ವೈದ್ಯರ ಹೊಣೆ. ಆ ಗೆರೆಯನ್ನು ಇವರು ದಾಟುವುದಿಲ್ಲ.

ನಮ್ಮ ದೇಶವೂ ಕಣ್ಣುಮುಚ್ಚಿ ಕುಳಿತಿಲ್ಲ. 1948ರಲ್ಲಿ ಫಾರ್ಮಸಿ ಕಾಯಿದೆ ಬಂದಿತು. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು ರೋಗಿಯ ಬಳಿ ನಿಂತು ಕಲಿಯುವ ಈ ವಿದ್ಯೆಗೆ 1990ರ ದಶಕದಲ್ಲೇ ಸ್ನಾತಕೋತ್ತರ ತರಗತಿ ತೆರೆಯಿತೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಮಾತು. 2008ರಲ್ಲಿ ದೇಶದಾದ್ಯಂತ ಫಾರ್ಮ್ ಡಿ ಎಂಬ ಆರು ವರ್ಷಗಳ ಶಿಕ್ಷಣ ಆರಂಭವಾಯಿತು. ಅದರಲ್ಲಿ ಕೊನೆಯ ವರ್ಷ ಆಸ್ಪತ್ರೆಯಲ್ಲೇ ತರಬೇತಿ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು, ಔಷಧ ಕೊಡುವಾಗ ಫಾರ್ಮಸಿಸ್ಟನು ಸ್ವತಃ ತಾನೇ ಮಾತು ತೆಗೆದು ರೋಗಿಗೋ ಮನೆಯವರಿಗೋ ವಿವರಿಸತಕ್ಕದ್ದೆಂದು ವಿಧಿಸಿವೆ. ಕಾಗದದ ಮೇಲೆ ಎಲ್ಲವೂ ಉಂಟು. ನಾವು ಹೋಗುವ ಬೀದಿಯ ಸಣ್ಣ ದವಾಖಾನೆಯಲ್ಲಿ ಮಾತ್ರ ಇವರಿಗೊಂದು ಕುರ್ಚಿ ಇಲ್ಲ.

ಹೈದರಾಬಾದಿನಲ್ಲಿ ಈ ಕೊರತೆ ಇನ್ನಷ್ಟು ಕಣ್ಣಿಗೆ ಹೊಡೆಯುತ್ತದೆ. 1961ರಲ್ಲಿ ಸ್ಥಾಪನೆಯಾದ ಐ.ಡಿ.ಪಿ.ಎಲ್. ಸಂಸ್ಥೆಯ ಕಾರ್ಖಾನೆ ಬಾಲಾನಗರಕ್ಕೆ ಬಂದಂದಿನಿಂದ ಈ ಊರು ಔಷಧದ ತವರಾಗಿದೆ. ಜೀಡಿಮೆಟ್ಲದಿಂದ ಹೊರಟ ಮದ್ದು ಕಡಲಾಚೆಗೂ ಹೋಗುತ್ತದೆ. ಫಾರ್ಮಸಿ ಕಾಲೇಜುಗಳಿಗೂ ಇಲ್ಲಿ ಬರವಿಲ್ಲ. ಆರು ವರ್ಷ ಓದಿ ಹೊರಬಂದ ತರುಣ ತರುಣಿಯರು ಹಲವರು ಕಂಪನಿಗಳ ಕಂಪ್ಯೂಟರಿನ ಮುಂದೆ ದೂರದೇಶದ ರೋಗಿಗಳ ಅಡ್ಡಪರಿಣಾಮಗಳ ವರದಿ ಓದುವ ಕೆಲಸಕ್ಕೆ ಸೇರುತ್ತಾರೆ. ಅದು ಒಳ್ಳೆಯ ಕೆಲಸವೇ. ಆದರೆ ಕಾಚಿಗುಡದ ಅಜ್ಜಿಯ ಡಬ್ಬಿಯನ್ನು ಯಾರು ಓದಬೇಕು? 2018ರಲ್ಲಿ ಆರಂಭವಾದ ಬಸ್ತಿ ದವಾಖಾನೆಗಳಿಗೆ ವಾರಕ್ಕೊಂದು ದಿನವಾದರೂ ಇಂಥವರೊಬ್ಬರು ಬಂದು ಕುಳಿತರೆ ಎಷ್ಟು ಸಂಸಾರಗಳಿಗೆ ಉಪಕಾರವಾದೀತು!

ಅಂಗಡಿಯಲ್ಲಿ ಫಾರ್ಮಸಿಸ್ಟ್ ಇದ್ದಾನಲ್ಲ, ಅವನನ್ನೇ ಕೇಳಿದರಾಯಿತು ಎನ್ನುವವರುಂಟು. ಕೇಳಬೇಕಾದದ್ದೇ, ಕೇಳುವುದು ನಮ್ಮ ಹಕ್ಕು. ಪ್ರಾಮಾಣಿಕವಾಗಿ ತಿಳಿಹೇಳುವವರು ಅಲ್ಲಿಯೂ ಇದ್ದಾರೆ. ಆದರೆ ಮಾರಾಟದಿಂದ ಹೊಟ್ಟೆ ಹೊರೆಯುವವನ ಬಾಯಲ್ಲಿ 'ಇದು ನಿಮಗೆ ಬೇಡ' ಎಂಬ ಮಾತು ಬರುವುದು ಸುಲಭವಲ್ಲ. ನಮಗೆ ಬೇಕಾದದ್ದು ಆ 'ಬೇಡ' ಎಂಬ ಮಾತನ್ನು ನಷ್ಟವಿಲ್ಲದೆ ಆಡಬಲ್ಲ ಒಬ್ಬರು. ಅವರ ಸಂಬಳ ಮಾತ್ರೆಯ ಲೆಕ್ಕದಿಂದ ಬರಬಾರದು, ಚಿಕಿತ್ಸಾಲಯದಿಂದಲೋ ಸರ್ಕಾರದಿಂದಲೋ ಬರಬೇಕು. ಈ ಮಾತಿನ ತಿರುಳೆಲ್ಲ ಇಲ್ಲಿಯೇ ಇದೆ ಎಂದು ನಾವು ತಿಳಿದಿದ್ದೇವೆ.

ವೈದ್ಯರಲ್ಲಿ ಕೆಲವರಿಗೆ ಇದರಿಂದ ತಮ್ಮ ಅಧಿಕಾರಕ್ಕೆ ಕುಂದು ಬಂದೀತೆಂಬ ಅಳುಕು ಇರಬಹುದು. ಒಂದು ಬೆಳಿಗ್ಗೆ ಅರವತ್ತು ಎಪ್ಪತ್ತು ಜನರನ್ನು ನೋಡುವ ವೈದ್ಯರಿಗೆ ಒಬ್ಬೊಬ್ಬರ ಹನ್ನೆರಡು ಮಾತ್ರೆಗಳ ಪೂರ್ವೋತ್ತರ ವಿಚಾರಿಸಲು ಬಿಡುವೆಲ್ಲಿಂದ ಬಂದೀತು? ಲೆಕ್ಕ ಬರೆಯುವವನಿಗೆ ಲೆಕ್ಕ ತಪಾಸಣೆ ಮಾಡುವವನು ಶತ್ರುವಲ್ಲವಷ್ಟೆ.

ಹೊರನಾಡಿನ ನಮಗೆ ಇದರ ಮೇಲೆ ಇನ್ನೊಂದು ತೊಡಕುಂಟು, ಅದು ಭಾಷೆಯದು. ಮಾತ್ರೆಯ ಪಟ್ಟಿಯ ಮೇಲೆ ಇಂಗ್ಲಿಷು, ಅಂಗಡಿಯವನ ಬಾಯಲ್ಲಿ ತೆಲುಗು ಇಲ್ಲವೆ ಉರ್ದು, ಅಮ್ಮನ ಕಿವಿಗೆ ಹತ್ತುವುದು ಕನ್ನಡ. 'ದಿನಕ್ಕೆರಡು' ಎಂದದ್ದು 'ಎರಡು ದಿನಕ್ಕೆ' ಎಂದಾಗಲು ಎಷ್ಟು ಹೊತ್ತು? ಹಿರಿಯರಿಗೆ ಮದ್ದಿನ ಮಾತನ್ನು ಕನ್ನಡದಲ್ಲಿ ಬರೆದುಕೊಡುವುದು ಮಕ್ಕಳ ಕರ್ತವ್ಯ.

ಆದ್ದರಿಂದ ಸರ್ಕಾರ ಕುರ್ಚಿ ಹಾಕುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ಮೊದಲನೆಯದಾಗಿ, ಪ್ರತಿ ಮನೆಯಲ್ಲಿಯೂ ಒಬ್ಬೊಬ್ಬ ಹಿರಿಯರ ಹೆಸರಿಗೆ ಒಂದೊಂದು ಹಾಳೆ ಇರಲಿ. ಮದ್ದಿನ ಮೂಲ ಹೆಸರು, ಪ್ರಮಾಣ, ಯಾವ ಹೊತ್ತು, ಯಾವ ಕಾಯಿಲೆಗೆ, ಬರೆದವರು ಯಾರು, ಯಾವ ದಿನದಿಂದ ಎಂಬುದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯಿರಿ. ಕಷಾಯ, ಚೂರ್ಣ, ಹೋಮಿಯೋಪಥಿ, ಪಕ್ಕದ ಮನೆಯವರು ಕೊಟ್ಟದ್ದು ಯಾವುದನ್ನೂ ಬಿಡಬೇಡಿ. ಎರಡನೆಯದಾಗಿ, ಯಾವ ವೈದ್ಯರಲ್ಲಿಗೆ ಹೋದರೂ ಆ ಹಾಳೆಯನ್ನು ಮೊದಲು ಮುಂದಿಡಿ. ಮೂರನೆಯದಾಗಿ, ಮದ್ದಿನಿಂದ ತೊಂದರೆಯಾಯಿತೆಂದು ತೋರಿದರೆ ವೈದ್ಯರಿಗೆ ತಿಳಿಸಿ. ಭಾರತ ಸರ್ಕಾರದ ಔಷಧ ಜಾಗರೂಕತಾ ಕಾರ್ಯಕ್ರಮದ 1800-180-3024 ಎಂಬ ಉಚಿತ ದೂರವಾಣಿಗೂ ವರದಿ ಮಾಡಬಹುದು. ಈ ಅಂಕಣ ಓದಿದಿರೆಂದು ಯಾರೂ ತಾವಾಗಿ ಒಂದು ಮಾತ್ರೆಯನ್ನೂ ನಿಲ್ಲಿಸಬಾರದು. ಕೆಲವು ಮದ್ದುಗಳನ್ನು ಥಟ್ಟನೆ ಬಿಟ್ಟರೆ ನುಂಗಿದ್ದಕ್ಕಿಂತ ಹೆಚ್ಚು ಅಪಾಯ.

ನಾಲ್ಕನೆಯದು ನಮ್ಮ ಸಂಘದವರಿಗೆ ಒಂದು ಸಲಹೆ. ಮೂರು ತಿಂಗಳಿಗೊಂದು ಭಾನುವಾರವನ್ನು ಮದ್ದಿನ ಚೀಲಕ್ಕೆ ಮೀಸಲಿಡೋಣ. ನಮ್ಮ ಮನೆಗಳ ಮಕ್ಕಳಲ್ಲೇ ಫಾರ್ಮ್ ಡಿ ಓದಿದವರು, ಓದುತ್ತಿರುವವರು ಇದ್ದರೆ ತಮ್ಮ ಅಧ್ಯಾಪಕರನ್ನು ಕರೆದುಕೊಂಡು ಬರಲಿ. ಹಿರಿಯರು ಇರುವ ಮದ್ದನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬರಲಿ. ಕನ್ನಡದಲ್ಲಿ ಕೇಳಲಿ, ಕನ್ನಡದಲ್ಲಿ ಉತ್ತರ ಪಡೆಯಲಿ. ಸಂದೇಹ ಬಂದದ್ದನ್ನು ಒಂದು ಚೀಟಿಯಲ್ಲಿ ಬರೆದು ಅವರವರ ವೈದ್ಯರಿಗೆ ಕಳುಹಿಸೋಣ. ನಾಟಕಕ್ಕೂ ನಾಡಹಬ್ಬಕ್ಕೂ ಒಟ್ಟಾಗುವ ನಾವು ಇದಕ್ಕೂ ಒಟ್ಟಾಗಬಲ್ಲೆವು. ಮುಂದಾಗುವ ತರುಣರು ಸಂಘದ ಕಾರ್ಯದರ್ಶಿಗಳಿಗೆ ಹೆಸರು ಕೊಡಬೇಕಾಗಿ ವಿನಂತಿ. ಮೊದಲ ಭಾನುವಾರಕ್ಕೆ ನಮ್ಮ ಮನೆಯ ಡಬ್ಬಿಯೂ ಬರುತ್ತದೆ.