ಅಳತೆ ತೆಗೆಯದೆ ತೊಡಿಸುವ ಪಗಡಿ

ಕನ್ನಡದಲ್ಲಿ ‘ಟೋಪಿ ಹಾಕಿದ’ ಅಂದರೆ ಮೋಸ ಮಾಡಿದ ಎಂದು ಅರ್ಥ. ‘ಪಗಡಿ ತೊಡಿಸಿದರು’ ಅಂದರೆ ಸನ್ಮಾನ ಮಾಡಿದರು ಎಂದು ಅರ್ಥ. ಎರಡೂ ಕೂಡ್ರುವುದು ತಲೆಯ ಮೇಲೆಯೇ. ಪುಣೆಗೆ ಬಂದಾಗಿನಿಂದ ಇಲ್ಲಿಯ ಸಭೆ ಸಮಾರಂಭಗಳನ್ನು ನೋಡುತ್ತಿರುವ ನನಗೆ ಈ ಎರಡು ಮಾತುಗಳ ಅಂತರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ ಎನಿಸುತ್ತದೆ.

ನಮ್ಮ ಮಂಡಳದ ವಾರ್ಷಿಕೋತ್ಸವ ಸಮೀಪಿಸಿದಾಗಲೆಲ್ಲ ಒಂದು ವಾದ ಎದ್ದೇ ಏಳುತ್ತದೆ. ಅತಿಥಿಗಳಿಗೆ ಪುಣೇರಿ ಪಗಡಿಯೋ, ಮೈಸೂರು ಪೇಟವೋ? “ಪುಣೆಯ ಅನ್ನ ಉಣ್ಣುವವರು ಪುಣೆಯ ಪದ್ಧತಿ ಬಿಡಬಾರದು” ಎಂದು ಒಂದು ಪಕ್ಷ. “ಕನ್ನಡದ ಸಭಾದಾಗ ಪೇಟ ಇಲ್ಲಂದ್ರ ಹ್ಯಾಂಗ?” ಎಂದು ಇನ್ನೊಂದು ಪಕ್ಷ. ಆದರೆ ಅತಿಥಿಯ ತಲೆ ಎಷ್ಟು ಇಂಚಿನದು ಎಂದು ಯಾವ ಪಕ್ಷವೂ ಕೇಳಿದ್ದನ್ನು ನಾನು ಕಂಡಿಲ್ಲ.

ಕಳೆದ ವರ್ಷ ಇದೇ ಊರಿನ ಒಂದು ಸಭೆಯಲ್ಲಿ ನಿವೃತ್ತ ಕನ್ನಡ ಮಾಸ್ತರರೊಬ್ಬರಿಗೆ ಸನ್ಮಾನವಾಯಿತು. ತೊಡಿಸಿದ ಪಗಡಿ ಹುಬ್ಬಿನವರೆಗೆ ಇಳಿಯಿತು. ಸಭೆ ಗೊಳ್ಳೆಂದು ನಕ್ಕಿತು. ಪಾಪ, ಮಾಸ್ತರರು ಒಂದು ಕೈಯಲ್ಲಿ ಪಗಡಿ, ಇನ್ನೊಂದು ಕೈಯಲ್ಲಿ ಭಾಷಣದ ಚೀಟಿ ಹಿಡಿದು ಮಾತಾಡಿದರು. ಫೋಟೋ ಆದ ಮೇಲೆ ಅದೇ ಪಗಡಿ ಮುಂದಿನ ಅತಿಥಿಯ ತಲೆಗೆ ಹೋಯಿತು. ಜೀವಮಾನವೆಲ್ಲ ಮಕ್ಕಳಿಗೆ ಕಲಿಸಿದ ತಲೆಗೆ ಸಂದ ಗೌರವ ಐದು ನಿಮಿಷದ್ದು!

ಆದ್ದರಿಂದ ನಾನು ಹೇಳುವುದಿಷ್ಟೆ: ಅಳತೆ ತೆಗೆದು ಮಾಡಿಸದ ಪಗಡಿಯನ್ನು ನಾವು ಯಾರ ತಲೆಗೂ ತೊಡಿಸಬಾರದು.

ಇದನ್ನು ಬರೆಯುವ ಮೊದಲು ಪೇಠಿನ ಓಣಿಯೊಂದರಲ್ಲಿ ಪಗಡಿ ಮಾಡುವ ಹಿರಿಯರೊಬ್ಬರ ಅಂಗಡಿಗೆ ಹೋಗಿ ಬೆಲೆ ವಿಚಾರಿಸಿದೆ. ಅವರು ಬೆಲೆ ಹೇಳಲಿಲ್ಲ. “ಬಾಳಾ, ಯಾರ ತಲೆಗೆ? ಮೊದಲು ಅದನ್ನು ಹೇಳು” ಎಂದು ಮರಾಠಿಯಲ್ಲಿ ಕೇಳಿದರು. ಸುತ್ತಳತೆಗೆ ತಕ್ಕಂತೆ ಒಳಗಿನ ಗಟ್ಟಿ ಬುಡ ಮಾಡಿ, ಬಟ್ಟೆಯನ್ನು ಹೊಸೆದು ಸುರುಳಿ ಸುರುಳಿಯಾಗಿ ಕೂಡ್ರಿಸಿ ಹೊಲಿಯಬೇಕು. ರುಮಾಲನ್ನು ದಿನಾ ಬಿಚ್ಚಿ ಸುತ್ತಬಹುದು. ಪಗಡಿ ಹಾಗಲ್ಲ, ಒಮ್ಮೆ ಹೊಲಿದರೆ ಮುಗಿಯಿತು. ಅರ್ಧ ಇಂಚು ತಪ್ಪಿದರೆ ಒಂದೋ ಹಣೆ ಒತ್ತುತ್ತದೆ, ಇಲ್ಲವೇ ಹುಬ್ಬಿಗೆ ಇಳಿಯುತ್ತದೆ.

ವಿಲಾಯತಿ ಹ್ಯಾಟಿನ ಕಸುಬಿನಲ್ಲಿಯೂ ಇದೇ ಮಾತು. ಫೆಡೋರಾ ಎಂಬ ಫೆಲ್ಟ್ ಹ್ಯಾಟಿಗೆ ಆ ಹೆಸರು ಬಂದದ್ದು 1882ರ ಒಂದು ಫ್ರೆಂಚ್ ನಾಟಕದಿಂದ. ಮೊಲದ ಇಲ್ಲವೆ ಬೀವರ್ ಪ್ರಾಣಿಯ ತುಪ್ಪಳವನ್ನು ನೇಯದೆಯೇ, ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ಗಟ್ಟಿ ಮಾಡಿ, ಹಬೆಯಲ್ಲಿ ಮೆತ್ತಗಾಗಿಸಿ ಕಟ್ಟಿಗೆಯ ಅಚ್ಚಿಗೆ ಎಳೆಯುತ್ತಾರೆ. ತಲೆಯ ಆಕಾರವನ್ನು ಚಿಕ್ಕದಾಗಿ ಕಾರ್ಡಿನ ಮೇಲೆ ಚುಚ್ಚಿ ತೋರಿಸುವ ಒಂದು ಯಂತ್ರವನ್ನೇ 1843ರಲ್ಲಿ ಪ್ಯಾರಿಸಿನವರು ಮಾಡಿದರು. ಯಾಕೆಂದರೆ ಯಾರ ತಲೆಯೂ ಸರಿಯಾಗಿ ದುಂಡಗಿಲ್ಲ! ಆ ತುಪ್ಪಳಕ್ಕೆ ಹಚ್ಚುತ್ತಿದ್ದ ಪಾದರಸದ ವಿಷದಿಂದ ಕೆಲಸಗಾರರ ಕೈ ನಡುಗುತ್ತಿದ್ದವು. ಅಮೇರಿಕದಲ್ಲಿ ಅದು ನಿಂತದ್ದು 1941ರಲ್ಲಿ. ಸಾಹೇಬರ ತಲೆಯ ಠೀವಿಯ ಹಿಂದೆ ಯಾರದೋ ಕೈಯ ನಡುಕವಿತ್ತು. ತಲೆಯ ಮೇಲಿನ ವಸ್ತುವನ್ನು ನೋಡುವಾಗ ಅದನ್ನು ಮಾಡಿದ ಕೈಯನ್ನೂ ನೆನೆಯಬೇಕಾದದ್ದು ಇದಕ್ಕೇ.

ವಾಣಿಜ್ಯದ ವಿದ್ಯಾರ್ಥಿಯಾಗಿ ಇನ್ನೊಂದು ಲೆಕ್ಕ. ಪುಣೇರಿ ಪಗಡಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸಂತೋಷ. ಆದರೆ 1999ರ ಆ ಕಾಯಿದೆ ಹೆಸರನ್ನು ಕಾಯುತ್ತದೆ. ಕಸುಬಿನವನ ಮನೆಗೆ ಆರ್ಡರು ತರುವುದಿಲ್ಲ. ಆರ್ಡರು ಕೊಡಬೇಕಾದವರು ನಾವು. ಒಂದೇ ಪಗಡಿಯನ್ನು ಹತ್ತು ಅತಿಥಿಗಳಿಗೆ ತಿರುಗಿಸಿದರೆ ಮಂಡಳಕ್ಕೆ ಉಳಿತಾಯ, ನಿಜ. ಪಗಡಿ ಮಾಡುವವನ ಖಾತೆಯಲ್ಲಿ ಅದು ಬಾರದೆ ಹೋದ ಒಂಬತ್ತು ಕೆಲಸ. ಈ ಊರಿನಲ್ಲಿ ಬಾಡಿಗೆ ಮನೆಗೆ ಒಟ್ಟಿಗೆ ಕೊಡುವ ದುಡ್ಡಿಗೂ ಪಗಡಿ ಎಂದೇ ಹೆಸರು. ಸನ್ಮಾನದ ಪಗಡಿಯೂ ಬಾಡಿಗೆಯದಾದರೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ!

ಇಲ್ಲಿ ಒಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಪಗಡಿ ಎಲ್ಲರ ತಲೆಗೂ ಒಂದೇ ಅರ್ಥದ್ದಲ್ಲ. ರಾನಡೆ, ಟಿಳಕ, ಗೋಖಲೆಯವರ ಚಿತ್ರಗಳಲ್ಲಿ ಕಾಣುವುದು ಪುಣೇರಿ ಪಗಡಿ. ಜೋತಿಬಾ ಫುಲೆಯವರ ತಲೆಯ ಮೇಲಿದ್ದದ್ದು ಬೇರೆ. ತಲೆಗೆ ಸುತ್ತಿದ್ದನ್ನು ನೋಡಿಯೇ ಜಾತಿ ಹೇಳುತ್ತಿದ್ದ ಕಾಲವಿತ್ತು. 2018ರ ಜೂನಿನಲ್ಲಿ ಶರದ್ ಪವಾರರು ಪುಣೆಯ ಸಭೆಯಲ್ಲಿ, ಇನ್ನು ಮುಂದೆ ಫುಲೆ ಪಗಡಿಯನ್ನೇ ತೊಡಿಸಿರಿ ಎಂದು ತಮ್ಮ ಪಕ್ಷದವರಿಗೆ ಹೇಳಿದರು. 2019ರ ಜನವರಿಯಲ್ಲಿ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ವಿದ್ಯಾರ್ಥಿಗಳು ಇದೇ ಪ್ರಶ್ನೆ ಎತ್ತಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ತೊಡುವವನನ್ನು ಕೇಳದೆ ತೊಡಿಸಿದ್ದರಿಂದಲೇ ಅಲ್ಲವೆ ಅದು ಎದ್ದದ್ದು? ಅಳತೆ ಅಂದರೆ ಟೇಪಿನ ಇಂಚುಗಳಷ್ಟೇ ಅಲ್ಲ. ‘ನಿಮಗೆ ಇದು ಒಪ್ಪಿಗೆಯೇ?’ ಎಂದು ಕೇಳುವುದೂ ಅಳತೆಯೇ.

ನಾನು ಜತ್ತ ತಾಲೂಕಿನವನು, ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವನು. ನಮ್ಮ ಅಜ್ಜನ ತಲೆಗೆ ಬಿಳಿ ಪಟಕ. ಅದಕ್ಕೆ ಅಳತೆಯೂ ಬೇಡ, ಅಂಗಡಿಯೂ ಬೇಡ. ಮುಂಜಾನೆ ತಾನೇ ಸುತ್ತಿಕೊಳ್ಳುತ್ತಿದ್ದ. ಹೊಲದಲ್ಲಿ ಬೆವರು ಒರೆಸಲು ಅದೇ, ಮಲಗಿದರೆ ತಲೆದಿಂಬೂ ಅದೇ. ಅಂಥವನ ತಲೆಗೆ ಜರಿಯ ಪಗಡಿ ಇಟ್ಟು ಫೋಟೋ ತೆಗೆದರೆ ಅವನಿಗೆ ಗೌರವವೋ, ನಮಗೆ ಗೌರವವೋ? ವಿಶ್ವೇಶ್ವರಯ್ಯನವರು ಇದೇ ಪುಣೆಯ ಸೈನ್ಸ್ ಕಾಲೇಜಿನಲ್ಲಿ ಓದಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಆದರೂ ನಮಗೆ ಪರಿಚಯದ ಅವರ ಚಿತ್ರ ಮೈಸೂರು ಪೇಟದ್ದೇ. ಓದಿದ ಊರು ಯಾವುದಾದರೇನು, ತಲೆ ಅವರದು!

ಆದುದರಿಂದ ಮಂಡಳದ ಮಿತ್ರರ ಮುಂದೆ ನನ್ನ ಸೂಚನೆ ಇದು. ಈ ಸಲ ಅತಿಥಿಗಳಿಗೆ ಒಂದು ತಿಂಗಳು ಮೊದಲೇ ಪತ್ರ ಬರೆಯೋಣ: ಪಗಡಿಯೋ, ಪೇಟವೋ, ಪಟಕವೋ, ಯಾವುದೂ ಬೇಡವೋ? ಬೇಕು ಅಂದರೆ ತಲೆಯ ಅಳತೆ ತರಿಸಿಕೊಂಡು, ಕಸುಬುದಾರರಿಗೆ ಮುಂಗಡ ಕೊಟ್ಟು ಮಾಡಿಸೋಣ. ಅದು ಅತಿಥಿಯ ಮನೆಗೆ ಹೋಗಬೇಕು, ನಮ್ಮ ಕಪಾಟಿಗೆ ಮರಳಬಾರದು. ಬೇಡ ಅಂದರೆ ಒಂದು ಒಳ್ಳೆಯ ಕನ್ನಡ ಪುಸ್ತಕ ಕೊಡೋಣ. ದುಡ್ಡು ಸಾಲದಿದ್ದರೆ ನಾಲ್ವರ ಬದಲು ಒಬ್ಬರನ್ನೇ ಸನ್ಮಾನಿಸೋಣ. ಮುಂದಿನ ಸಭೆಯಲ್ಲಿ ಈ ಠರಾವು ಮಂಡಿಸುತ್ತೇನೆ. ವಿರೋಧಿಸುವವರು ಬರಬೇಕು, ಬರುವಾಗ ಒಂದು ಟೇಪು ತಂದರೆ ಇನ್ನೂ ಒಳ್ಳೆಯದು.